ನಾನು ಪ್ರಶ್ನೆಪತ್ರಿಕೆಯಾದ ಪ್ರಸಂಗ

ಪರೀಕ್ಷೆ ನನಗೆ ಹೊಸದಲ್ಲ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಬ್ಯಾಂಕಿನ ಪ್ರಮೋಷನ್ ಪರೀಕ್ಷೆಯವರೆಗೆ ಎಷ್ಟೋ ಬರೆದಿದ್ದೇನೆ. ಕೆಲವು ಪಾಸಾಗಿವೆ, ಹಲವು ನನ್ನನ್ನು ನೋಡಿ ನಕ್ಕು ಮುಂದೆ ಹೋಗಿವೆ. ಪರೀಕ್ಷೆಯ ಕೋಣೆಯಲ್ಲಿ ಅಡ್ಡಾಡುತ್ತ ಕಾಪಿ ಹೊಡೆಯುವವರನ್ನು ಹಿಡಿಯುವ ಕೆಲಸವನ್ನೂ ಮಾಡಿದ್ದೇನೆ. ಆದರೆ ಸ್ವತಃ ಪ್ರಶ್ನೆಪತ್ರಿಕೆಯಾಗಿ ಮಂಚದ ಮೇಲೆ ಮಲಗುವ ಯೋಗ ಕೂಡಿಬಂದದ್ದು ನಿವೃತ್ತಿಯ ಹೊಸ್ತಿಲಲ್ಲಿ, ಅದೂ ಕೋಲ್ಕತ್ತದ ಕಾಳಿಘಾಟಿನಲ್ಲಿದ್ದಾಗ. ನಮ್ಮ ದೇಶದಲ್ಲಿ ಪ್ರಶ್ನೆಪತ್ರಿಕೆಗಳ ಹಣೆಬರಹ ಏನೆಂದು ನಿಮಗೆ ಗೊತ್ತು. 2016ರಲ್ಲಿ ನಮ್ಮ ಕರ್ನಾಟಕದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಎರಡು ಸಲ ಸೋರಿತು. ನಾನೂ ಸೋರಿದೆ. ರಸಾಯನಶಾಸ್ತ್ರಕ್ಕೆ ನಾನೇನೂ ಕಡಿಮೆಯಿಲ್ಲ: ಎರಡೇ ಸಲ.

ನಾವಿರುವುದು ಕಾಳಿ ಮಂದಿರದ ಹಿಂದಿನ ಗಲ್ಲಿಯಲ್ಲಿ. ವರ್ಗವಾಗಿ ಬಂದಾಗ ಸಹೋದ್ಯೋಗಿಗಳು, “ಲೇಕ್ ಮಾರ್ಕೆಟ್ ಹತ್ತಿರ ಮನೆ ಹಿಡೀರಿ ಸಾರ್, ಅಲ್ಲಿ ದಕ್ಷಿಣದವರು ಜಾಸ್ತಿ, ಕರಿಬೇವು, ಬಾಳೆಎಲೆ, ಕಾಫಿಪುಡಿ ಎಲ್ಲಾ ಸಿಗತ್ತೆ” ಎಂದಿದ್ದರು. ಅಲ್ಲಿಯ ಬಾಡಿಗೆ ಕೇಳಿದ ಮೇಲೆ, ಕರಿಬೇವು ತರಲು ನಡೆದು ಹೋಗಬಹುದಾದಷ್ಟು ದೂರಕ್ಕೆ ಸರಿದು ಇಲ್ಲಿ ನೆಲೆಸಿದೆವು. ಈಗಿನ ಗುಡಿ 1809ರಲ್ಲಿ ಕಟ್ಟಿ ಮುಗಿದದ್ದು. ಸ್ಥಳ ಮಾತ್ರ ಶಕ್ತಿಪೀಠ, ಸತೀದೇವಿಯ ಬಲಗಾಲ ಬೆರಳು ಬಿದ್ದ ಜಾಗ ಎನ್ನುತ್ತಾರೆ. ದೇಹದ ಯಾವ ಭಾಗ ಎಲ್ಲಿದೆ ಎಂದು ಹುಡುಕುವ ಪರೀಕ್ಷೆಗೆ ಇದಕ್ಕಿಂತ ಪ್ರಶಸ್ತವಾದ ನೆರೆಹೊರೆ ಇನ್ನೆಲ್ಲಿದ್ದೀತು?

ಬೆಳಗಿನ ನನ್ನ ವಾಕಿಂಗು ಆದಿಗಂಗೆ ಎಂಬ ನಾಲೆಯ ಗುಂಟ ಕೇವಡಾತಲಾ ಸ್ಮಶಾನದ ಕಡೆಗೆ. ಸ್ಮಶಾನಕ್ಕೆ ವಾಕಿಂಗ್ ಹೋಗುವುದು ನನ್ನ ವಯಸ್ಸಿನಲ್ಲಿ ಮುಂಗಡ ತಯಾರಿಯಂತೆ ಕಂಡೀತು, ಕಾರಣ ಬೇರೆ. ಅದರ ಪಕ್ಕದಲ್ಲೇ ಮೈಸೂರು ಗಾರ್ಡನ್ ಇದೆ. ಕಲ್ಕತ್ತೆಗೆ ಬಂದಿದ್ದ ನಮ್ಮ ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ 28ರಂದು ಈ ಊರಲ್ಲೇ ಕಣ್ಮುಚ್ಚಿದರು. ವಯಸ್ಸು ಮೂವತ್ತೊಂದು, ರೋಗ ಡಿಫ್ತೀರಿಯಾ, ಅಂದರೆ ಗಂಟಲಮಾರಿ. ಅವರ ನೆನಪಿನ ಗುಡಿ, ದಕ್ಷಿಣದ ಶೈಲಿಯ ಗೋಪುರ, ಈ ಬಂಗಾಳದ ನಾಲೆಯ ದಂಡೆಯಲ್ಲಿ ನಿಂತಿವೆ. ಮೈಸೂರಿನವನಾದ ನಾನು ಅದನ್ನು ಸಿಕ್ಕ ಸಿಕ್ಕ ಬಂಗಾಳಿಗಳಿಗೆಲ್ಲ ತೋರಿಸಿ, ಅದನ್ನು ಕಟ್ಟಿಸುವಾಗ ಇಟ್ಟಿಗೆ ಹೊತ್ತವನಂತೆ ಎದೆಯುಬ್ಬಿಸುತ್ತೇನೆ.

ಹೀಗೆ ಎದೆಯುಬ್ಬಿಸಿದ ಒಂದು ಬೆಳಿಗ್ಗೆಯೇ ನನಗೆ ಕಂಟಕವಾಯಿತು. ಜೊತೆಯಲ್ಲಿದ್ದವರು ನಮ್ಮ ಮೇಲಿನ ಮಹಡಿಯ ಡಾಕ್ಟರು. ನನಗಿಂತ ಚಿಕ್ಕವರು, ನನ್ನನ್ನು ದಾದಾ ಎನ್ನುತ್ತಾರೆ. ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪಾಠ ಹೇಳುತ್ತಾರೆ. ಗೋಪುರ ನೋಡುತ್ತ ಅವರು, “ಅದೇ ವರ್ಷ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟಿನ ಸಮ್ಮೇಳನದಲ್ಲಿ ಪ್ಯಾರಿಸ್ಸಿನ ಎಮಿಲ್ ರೂ ಡಿಫ್ತೀರಿಯಾಕ್ಕೆ ಸೀರಮ್ ಕೆಲಸ ಮಾಡತ್ತೆ ಅಂತ ಲೆಕ್ಕ ಇಟ್ಟು ತೋರಿಸಿದ್ರು, ದಾದಾ. ನಿಮ್ಮ ಮಹಾರಾಜರು ಹೋಗಿದ್ದು ಅದಾಗಿ ನಾಲ್ಕು ತಿಂಗಳೊಳಗೆ” ಎಂದರು. ನಾನು ನಿಟ್ಟುಸಿರಿಟ್ಟೆ. ಅವರು ಮುಂದುವರಿಸಿದರು. “ಆಗ ಹಾಸಿಗೆ ಪಕ್ಕ ನಿಂತ ಡಾಕ್ಟರ ಹತ್ತಿರ ಏನಿತ್ತು? ಕೈ, ಕಿವಿ, ಸ್ಟೆತಾಸ್ಕೋಪು. ಈಗ ಅಲ್ಟ್ರಾಸೌಂಡೇ ಜೇಬಿಗೆ ಬಂದಿದೆ. ಎಮರ್ಜೆನ್ಸಿಗೆ ಬಂದ ರೋಗಿಯ ಹೊಟ್ಟೇಲಿ ರಕ್ತ ಸೋರ್ತಿದೆಯಾ, ಹೃದಯದ ಸುತ್ತ ನೀರಿದೆಯಾ, ಪುಪ್ಪುಸ ಕುಸಿದಿದೆಯಾ, ಅಲ್ಲೇ ನಿಂತು ನೋಡಬಹುದು. ಯಂತ್ರ ಕೊಳ್ಳೋದು ಸುಲಭ. ಅದನ್ನ ಹಿಡಿದ ಪಿಜಿ ಹುಡುಗನಿಗೆ ನಿಜವಾಗಿ ಕಾಣ್ತಿದೆಯಾ, ಕಂಡ ಹಾಗೆ ನಟಿಸ್ತಿದ್ದಾನಾ ಅಂತ ತಿಳಿಯೋದು ಹೇಗೆ? ಅದಕ್ಕೆ ಈ ಶನಿವಾರ ಪರೀಕ್ಷೆ ಇಟ್ಟಿದೀವಿ. ಮಲಗೋದಕ್ಕೆ ನಿಮ್ಮಂಥ ಆರೋಗ್ಯವಂತರು ಬೇಕು.”

ನಿಮ್ಮಂಥ ಆರೋಗ್ಯವಂತರು! ಈ ಮಾತು ಕೇಳಿದ ಮೇಲೆ ಬೇರೇನೂ ಕೇಳಿಸಲಿಲ್ಲ. ಒಪ್ಪಿಕೊಂಡು ಮನೆಗೆ ಬಂದು ಹೆಂಡತಿಗೆ ಗಂಭೀರವಾಗಿ ಹೇಳಿದೆ: “ನೋಡೇ, ಶನಿವಾರ ನಾನು ಮಾಡೆಲ್.”

“ಮಾಡೆಲ್ಲಾ? ನೀವಾ? ಯಾವ ಜಾಹೀರಾತಿಗ್ರೀ? ‘ಔಷಧಿಗೆ ಮೊದಲು’ ಅಂತ ಹಾಕೋ ಫೋಟೋಗಾ?”

ಈ ಹೆಂಗಸಿನ ಜೊತೆ ಮೂವತ್ತು ಚಿಲ್ಲರೆ ವರ್ಷ ಬದುಕಿದ ನನ್ನ ಆರೋಗ್ಯ ನಿಜಕ್ಕೂ ಗಟ್ಟಿಯೇ.

ಸಂಜೆ ಡಾಕ್ಟರು ಒಂದು ಹಾಳೆ ಕೊಟ್ಟರು. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು. ನೀರು ಕುಡಿಯಬಹುದು, ಕುಡಿಯಲೇಬೇಕು. ಮೂತ್ರ ಕಟ್ಟಿಕೊಂಡು ಬರಬೇಕು. ಅಭ್ಯರ್ಥಿಗಳಿಗೆ ಸಹಾಯ ಮಾಡಬಾರದು, ಸುಳಿವು ಕೊಡಬಾರದು. ಕಾರಣಗಳನ್ನೂ ವಿವರಿಸಿದರು. ಖಾಲಿ ಹೊಟ್ಟೆಯಲ್ಲಿ ಪಿತ್ತಕೋಶ ಪಿತ್ತ ತುಂಬಿಕೊಂಡು ಉಬ್ಬಿರುತ್ತದೆ, ತೆರೆಯ ಮೇಲೆ ಕಪ್ಪಗೆ ಸ್ಪಷ್ಟವಾಗಿ ಕಾಣುತ್ತದೆ. ಜಿಡ್ಡು ಹೊಟ್ಟೆಗೆ ಬಿದ್ದರೆ ಸಾಕು, ಪಿತ್ತವನ್ನೆಲ್ಲ ಕರುಳಿಗೆ ಹಿಂಡಿ ಮುದುಡಿಕೊಳ್ಳುತ್ತದೆ. ಮೂತ್ರಕೋಶದ್ದು ಇನ್ನೊಂದು ಉಪಕಾರ: ಅಲ್ಟ್ರಾಸೌಂಡಿನ ಅಲೆಗಳು ಗಾಳಿಯನ್ನು ದಾಟಲಾರವು, ನೀರನ್ನು ಸಲೀಸಾಗಿ ದಾಟುತ್ತವೆ. ತುಂಬಿದ ಮೂತ್ರಕೋಶವಿದ್ದರೆ ಅದರ ಹಿಂದೆ ರಕ್ತ ನಿಂತಿದೆಯೇ ಎಂದು ನೋಡಬಹುದು. ಕರುಳಿನ ಗಾಳಿ ಅಡ್ಡ ಬಂದರೆ ಏನೂ ಇಲ್ಲ. ಗಾಳಿಯ ವಿಷಯ ಬಂದಾಗ ನನ್ನ ಹೆಂಡತಿ ಅಡಿಗೆಮನೆಯಿಂದ ಕೆಮ್ಮಿದಳು.

ಈ ಯಂತ್ರದ ಜಾತಕವೂ ಮಜವಾಗಿದೆ. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ಡಾಕ್ಟರು 1955ರಲ್ಲಿ ರೋಗಿಗಳಿಂದ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹೇರಿಕೊಂಡು ಒಂದು ಬಾಯ್ಲರ್ ಕಾರ್ಖಾನೆಗೆ ಹೋದರು. ಅಲ್ಲಿ ಉಕ್ಕಿನೊಳಗಿನ ಬಿರುಕು ಪತ್ತೆ ಮಾಡುವ ಯಂತ್ರವಿತ್ತು. ಅದನ್ನು ಗಡ್ಡೆಗಳ ಮೇಲಿಟ್ಟು, ಹೋಲಿಸಿ ನೋಡಲು ಒಂದು ಮಾಂಸದ ತುಂಡಿನ ಮೇಲೂ ಇಟ್ಟು ಪರೀಕ್ಷಿಸಿದರು. ಮೂರು ವರ್ಷದ ನಂತರ, 1958ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರ ಹಾಗೂ ಸಂಗಡಿಗರ ಪ್ರಬಂಧ ಬಂತು. ಅಂದರೆ ನಾವು ಡಾಕ್ಟರ ಮುಂದೆ ಹೊಟ್ಟೆ ಬಿಟ್ಟು ಮಲಗುವುದಕ್ಕೆ ಮೊದಲು ಆ ಜಾಗದಲ್ಲಿ ಬಾಯ್ಲರ್ ಇತ್ತು. ನನ್ನ ವಿಷಯದಲ್ಲಿ ಆಕಾರ ಹೆಚ್ಚು ಬದಲಾಗಿಲ್ಲ.

ಶನಿವಾರ ಬಂತು. ರಾತ್ರಿಯಿಂದ ನಿರಾಹಾರ. ಬೆಳಿಗ್ಗೆ ಕಾಫಿಯೂ ಇಲ್ಲ. ನೀರು ಮಾತ್ರ ಚೊಂಬುಗಟ್ಟಲೆ ಕುಡಿದೆ. ಮೆಟ್ಟಿಲಿಳಿದು ಗಲ್ಲಿಗೆ ಕಾಲಿಟ್ಟರೆ ಕೆಳಮನೆಯ ಮಾಶಿಮಾ ಎದುರಾದರು. ಕಾಳಿಘಾಟಿನಲ್ಲಿ ಮಂಗಳವಾರ, ಶನಿವಾರವೆಂದರೆ ಜನಜಾತ್ರೆ. ಎಂಬತ್ತು ದಾಟಿದ ಅವರು ಅಷ್ಟು ನೂಕುನುಗ್ಗಲಿನಲ್ಲಿ ದರ್ಶನ ಮುಗಿಸಿ, ಹಣೆಗೆ ಕುಂಕುಮ, ಕೈಯಲ್ಲಿ ಕೆಂಪು ದಾಸವಾಳದ ಹಾರ, ಇನ್ನೊಂದು ಕೈಯಲ್ಲಿ ಪೇಡಾದ ದೊನ್ನೆ ಹಿಡಿದು ಬರುತ್ತಿದ್ದರು. “ತಾಯಿ ಪ್ರಸಾದ, ಬಾಬಾ. ಒಳ್ಳೇ ಕೆಲಸಕ್ಕೆ ಹೊರಟಿದೀಯ, ತಗೋ.”

ಪ್ರಸಾದವನ್ನು ಬೇಡವೆನ್ನುವುದು ಹೇಗೆ? ಉಪವಾಸವಿದ್ದವನು ಪ್ರಸಾದ ತಿಂದರೆ ಉಪವಾಸ ಕೆಡುವುದಿಲ್ಲ ಎಂಬುದು ನಮ್ಮ ಮನೆತನದಲ್ಲಿ ಚರ್ಚೆಯಾಗಿ ಮುಗಿದ ವಿಷಯ. ಏಕಾದಶಿಯಂದು ಅವಲಕ್ಕಿ ಒಗ್ಗರಣೆ, ಬಾಳೆಹಣ್ಣಿನ ರಸಾಯನ, ಸಬ್ಬಕ್ಕಿ ಪಾಯಸ ತಿಂದು “ಇವತ್ತು ಏನೂ ತಿಂದಿಲ್ಲ” ಎನ್ನುವ ಹಿರಿಯರ ನೆರಳಿನಲ್ಲಿ ಬೆಳೆದವನು ನಾನು. ಕಾಳಿಘಾಟಿನ ಪೇಡಾ ಬೇರೆ! ಒಂದು ತಿಂದೆ. ಹೆಂಡತಿಯ ಪಾಲಿನದೆಂದು ಮಾಶಿಮಾ ಇನ್ನೊಂದು ಕೊಟ್ಟರು. ಮೇಲೆ ಹತ್ತಿ ಹೋಗಿ ಕೊಟ್ಟು ಬಂದರೆ ಹೊತ್ತಾಗುತ್ತದಲ್ಲ, ಅದನ್ನೂ ತಿಂದೆ. ದೊನ್ನೆಯ ತಳದಲ್ಲಿದ್ದ ಪುಡಿಯನ್ನು ಬಿಸಾಡಿದರೆ ಅಪಚಾರ. ಶಾಸ್ತ್ರ ನನ್ನ ಕಡೆಗಿತ್ತು. ಪಿತ್ತಕೋಶಕ್ಕೆ ಶಾಸ್ತ್ರ ಗೊತ್ತಿಲ್ಲವೆಂಬುದು ಆಮೇಲೆ ತಿಳಿಯಿತು.

ರಾಸ್‌ಬಿಹಾರಿ ವೃತ್ತದಲ್ಲಿ ಶೇರ್ ಆಟೋ ಹತ್ತಿದೆ. ಡ್ರೈವರ್ ಪಕ್ಕದ ಅರ್ಧ ಸೀಟು, ಒಂದು ಕಾಲು ಹೊರಗೆ. ಮೂತ್ರ ಕಟ್ಟಿಕೊಂಡವನು ಕೋಲ್ಕತ್ತದ ಆಟೋದ ಆ ಸೀಟಿನಲ್ಲಿ ಕೂತು ಟ್ರಾಮಿನ ಹಳಿಗಳನ್ನು ದಾಟಬಾರದು. ಇದಕ್ಕಿಂತ ಹೆಚ್ಚಿಗೆ ಹೇಳಲಾರೆ. ಇಳಿದಾಗ ಡ್ರೈವರು ಚಿಲ್ಲರೆ ಕೇಳಿದ. ಆ ಸ್ಥಿತಿಯಲ್ಲಿ ಪ್ಯಾಂಟಿನ ಜೇಬಿಗೆ ಕೈ ಹಾಕಿ ತಡಕಾಡುವುದು ಕ್ಷೇಮವಲ್ಲವೆಂದು ನೋಟು ಅವನಿಗೇ ಬಿಟ್ಟು ಓಡಿದೆ.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಬೋರ್ಡು: ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡಲಾಗುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. 1994ರ ಕಾಯಿದೆಯ ಪ್ರಕಾರ ಅಲ್ಟ್ರಾಸೌಂಡ್ ಇರುವ ಕಡೆಯೆಲ್ಲ ಈ ಬೋರ್ಡು ಇರಲೇಬೇಕು. ಅಲ್ಲಿದ್ದ ವಾರ್ಡ್‌ಬಾಯ್ ಒಮ್ಮೆ ಬೋರ್ಡನ್ನು ನೋಡಿದ, ಒಮ್ಮೆ ನನ್ನ ಹೊಟ್ಟೆಯನ್ನು ನೋಡಿದ. ಏನೂ ಅನ್ನಲಿಲ್ಲ. ಬಂಗಾಳಿಗಳು ಸಭ್ಯರು.

ಒಳಗೆ ಪರದೆ ಕಟ್ಟಿ ನಾಲ್ಕಾರು ಮಂಚ ಹಾಕಿದ್ದರು. ಒಂದೊಂದು ಮಂಚವೂ ಒಂದು ನಿಲ್ದಾಣ. ಗಂಟೆ ಹೊಡೆದರೆ ಅಭ್ಯರ್ಥಿ ಒಳಗೆ, ಮತ್ತೆ ಹೊಡೆದರೆ ಮುಂದಿನ ಮಂಚಕ್ಕೆ. ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ಹೊತ್ತು, ಅದೇ ಅಂಕಪಟ್ಟಿ. ಹಿಂದೆಲ್ಲ ವೈದ್ಯಕೀಯ ಪರೀಕ್ಷೆಯೆಂದರೆ ಒಬ್ಬನಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಸಿಡುಕ ರೋಗಿ, ಮತ್ತೊಬ್ಬನಿಗೆ ಸಿಡುಕ ಪರೀಕ್ಷಕ, ಅದೃಷ್ಟದ ಆಟ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಈ ಗಂಟೆಯ ಪದ್ಧತಿಯನ್ನು ಪ್ರಕಟಿಸಿದರು. ಆರೋಗ್ಯವಂತರನ್ನು ರೋಗಿಯ ಪಾತ್ರಕ್ಕೆ ತಯಾರು ಮಾಡುವುದು ಅದಕ್ಕೂ ಹಳೆಯದು: 1963ರಲ್ಲಿ ಕ್ಯಾಲಿಫೋರ್ನಿಯಾದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ ಶುರು ಮಾಡಿದ್ದು. ಆ ಪರಂಪರೆಯ ಕೊನೆಯ ಕೊಂಡಿಯಾಗಿ ನಾನು ಅಂಗಿ ಬಿಚ್ಚಿದೆ.

ನನ್ನ ಮಂಚದ ಪರೀಕ್ಷಕಿ ಕನ್ನಡಕದ ಒಬ್ಬ ಮೇಡಂ. ಅವರ ಕೈಯಲ್ಲಿದ್ದ ಹಾಳೆಯನ್ನು ಓರೆಗಣ್ಣಿನಲ್ಲಿ ಓದಿದೆ. ಮೈಮೇಲೆ ಇಟ್ಟು ನೋಡುವ ಪ್ರೋಬನ್ನು ಸರಿಯಾಗಿ ಆರಿಸಿದನೇ, ಆಳ ಮತ್ತು ಬೆಳಕು ಹೊಂದಿಸಿದನೇ, ಕ್ರಮವಾಗಿ ನೋಡಿದನೇ, ಕಂಡದ್ದಕ್ಕೆ ಸರಿಯಾದ ಅರ್ಥ ಹೇಳಿದನೇ, ದಾಖಲೆ ಮಾಡಿದನೇ, ಅದರಿಂದ ರೋಗಿಗೆ ಏನು ಮಾಡಬೇಕೆಂದು ತೀರ್ಮಾನಿಸಿದನೇ. ಪ್ರತಿಯೊಂದಕ್ಕೂ ಒಂದರಿಂದ ಐದು. ಡೆನ್ಮಾರ್ಕಿನ ತಂಡವೊಂದು ನಾನಾ ದೇಶದ ತಜ್ಞರನ್ನು ಕೇಳಿ ಒಮ್ಮತ ಮೂಡಿಸಿ 2013ರಲ್ಲಿ ಪ್ರಕಟಿಸಿದ ಮಾನದಂಡದ ಮಾದರಿಯಂತೆ. ನಮ್ಮ ಬ್ಯಾಂಕಿನಲ್ಲಿ ಇಂಥ ಹಾಳೆ ಇದ್ದಿದ್ದರೆ ನಾನು ಮ್ಯಾನೇಜರ್ ಆಗುತ್ತಿರಲಿಲ್ಲ.

ಮೊದಲ ಅಭ್ಯರ್ಥಿ ಗಟ್ಟಿ ಧ್ವನಿಯ ಹುಡುಗ. ಬಂದವನೇ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸುರಿದ. ನಾನು ‘ಅಯ್ಯಪ್ಪಾ’ ಎಂದೆ; ಅವನು ಅದನ್ನು ನನ್ನ ಹೆಸರೆಂದು ತಿಳಿದು “ನಮಸ್ಕಾರ ಅಯ್ಯಪ್ಪ ಕಾಕು” ಎಂದ. ಕಾಕು ಎಂದರೆ ಇಲ್ಲಿ ಚಿಕ್ಕಪ್ಪ. ಪಕ್ಕೆಲುಬಿನ ಕೆಳಗೆ ಪ್ರೋಬ್ ಇಟ್ಟು, ಗಿರ್ರನೆ ತಿರುಗಿಸಿ, “ಇದು ಪಿತ್ತಕೋಶ. ಚೆನ್ನಾಗಿ ತುಂಬಿದೆ. ಗೋಡೆ ತೆಳುವಾಗಿದೆ, ಕಲ್ಲಿಲ್ಲ” ಎಂದು ಅಳತೆ ತೆಗೆದು ಚಿತ್ರ ಉಳಿಸಿ ಗಂಟೆಗೂ ಮೊದಲೇ ಹೊರಟ. ಆ ಆತ್ಮವಿಶ್ವಾಸ ನೋಡಿ ನನಗೆ ರೋಮಾಂಚನ. ಇಂಥವನ ಕೈಗೆ ಮಗಳನ್ನು ಕೊಡಬಹುದು ಅನ್ನಿಸಿತು.

ಎರಡನೆಯವಳು ಸಣ್ಣ ಧ್ವನಿಯ ಹುಡುಗಿ. ಜೆಲ್ ಹಾಕುವ ಮೊದಲು “ತಣ್ಣಗಿರತ್ತೆ ಕಾಕು” ಎಂದು ಹೇಳಿದಳು. ಹುಡುಕಿದಳು. ಎಡಕ್ಕೆ ಹೊರಳಲು ಹೇಳಿದಳು. ಉಸಿರು ಎಳೆದು ಹಿಡಿಯಲು ಹೇಳಿದಳು. ಮತ್ತೆ ಹುಡುಕಿದಳು. ಕೊನೆಗೆ ಯಂತ್ರ ಬಿಟ್ಟು ನನ್ನ ಮುಖ ನೋಡಿದಳು. “ಕಾಕು, ಬೆಳಿಗ್ಗೆ ಏನಾದ್ರೂ ತಿಂದ್ರಾ?”

“ಇಲ್ಲಮ್ಮಾ.”

“ಏನೂ ಇಲ್ವಾ?”

“ಪ್ರಸಾದ.”

ಮೇಡಂ ಪೆನ್ನು ನಿಲ್ಲಿಸಿದರು. ಹುಡುಗಿ, “ಪಿತ್ತಕೋಶ ಕುಗ್ಗಿದೆ ಅನ್ಸತ್ತೆ ಮೇಡಂ. ಈ ಕಪ್ಪು ಜಾಗ ಪಿತ್ತಕೋಶ ಅಲ್ಲ, ನೀರು ತುಂಬಿದ ಕರುಳಿನ ಶುರುವಿನ ಭಾಗ, ಅಲುಗಾಡ್ತಿದೆ ನೋಡಿ. ಕಲ್ಲಿದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ಖಾಲಿ ಹೊಟ್ಟೇಲಿ ಮತ್ತೆ ನೋಡಬೇಕು, ಇಲ್ಲಾ ರೇಡಿಯಾಲಜಿಗೆ ಕಳಿಸ್ಬೇಕು” ಎಂದಳು. ಪಾಪ, ಇವಳು ಢುಮ್ಕಿ ಎಂದುಕೊಂಡೆ. ಏನೂ ಗೊತ್ತಿಲ್ಲವೆಂದು ಬಾಯಿ ಬಿಟ್ಟು ಹೇಳಿದವರಿಗೆ ನಮ್ಮ ಕಾಲದಲ್ಲಿ ಅಂಕ ಕೊಡುತ್ತಿರಲಿಲ್ಲ.

ಮೂರನೆಯವನು ತನ್ನ ಸರದಿಯಲ್ಲಿ ಎದೆಯ ಪ್ರಶ್ನೆಗೆ ಬಂದ. ಅಷ್ಟರಲ್ಲಿ ಪರದೆಯ ಆಚೆ ಇಬ್ಬರು ಯುವ ಡಾಕ್ಟರಮ್ಮಂದಿರು ಬಂದು ನಿಂತರು. ಗಂಡಸಿನ ಹೊಟ್ಟೆಗೆ ಒಂದು ಸ್ವಭಾವವಿದೆ, ಹೆಂಗಸರನ್ನು ಕಂಡರೆ ತಾನಾಗಿ ಒಳಗೆ ಹೋಗುತ್ತದೆ. ಉಸಿರು ಎಳೆದು, ಹೊಟ್ಟೆ ಹಿಂದಕ್ಕೆ ತೆಗೆದು, ಎದೆ ಮುಂದೆ ತಂದು ಹಾಗೇ ಹಿಡಿದೆ. ಆ ಹುಡುಗ ನನ್ನ ಎದೆಯ ಮೇಲೆ ಪ್ರೋಬ್ ಇಟ್ಟು ತೆರೆಯನ್ನೇ ದಿಟ್ಟಿಸುತ್ತಿದ್ದ. ಅಲ್ಲಿ ನೋಡಬೇಕಾದದ್ದು ಇದು: ಉಸಿರಾಡಿದಂತೆಲ್ಲ ಶ್ವಾಸಕೋಶದ ಹೊರಪೊರೆ ಎದೆಗೂಡಿನ ಒಳಪೊರೆಗೆ ಒರೆಸುತ್ತ ಜಾರುತ್ತದೆ, ಬಿಳಿ ಗೆರೆಯೊಂದು ಮಿನುಗುತ್ತ ಅತ್ತಿತ್ತ ಸರಿಯುತ್ತದೆ. ನಡುವೆ ಗಾಳಿ ಸೇರಿ ಶ್ವಾಸಕೋಶ ಕುಸಿದಿದ್ದರೆ ಆ ಜಾರುವಿಕೆ ಇರುವುದಿಲ್ಲ. ಯಂತ್ರದ ಇನ್ನೊಂದು ಗುಂಡಿ ಒತ್ತಿದರೆ, ಸರಿಯಿದ್ದವನದು ಸಮುದ್ರತೀರದ ಮರಳಿನ ಚಿತ್ರ, ಕೆಟ್ಟವನದು ಅಂಗಡಿ ಸಾಮಾನಿನ ಬಾರ್‌ಕೋಡ್ ಚಿತ್ರ. ಹೆಸರುಗಳು ಡಾಕ್ಟರುಗಳೇ ಇಟ್ಟುಕೊಂಡದ್ದು, ನನ್ನ ಉಪಮೆಯಲ್ಲ. ಫ್ರಾನ್ಸಿನ ಡೇನಿಯಲ್ ಲಿಖ್‌ಟೆನ್‌ಸ್ಟೈನ್ ಎಂಬವರು ಈ ಶ್ವಾಸಕೋಶದ ವಿದ್ಯೆಯನ್ನು ಐಸಿಯುಗಳಲ್ಲಿ ಬೆಳೆಸಿದವರು.

ಉಸಿರು ಬಿಗಿಹಿಡಿದವನ ಶ್ವಾಸಕೋಶವೂ ಜಾರುವುದಿಲ್ಲ. ಹುಡುಗ ಬೆವರಿದ. ಗುಂಡಿ ಒತ್ತಿದ. ಬಾರ್‌ಕೋಡ್. “ಮೇಡಂ, ನ್ಯೂಮೋಥೊರಾಕ್ಸ್! ಪುಪ್ಪುಸ ಕುಸಿದಿದೆ! ತಕ್ಷಣ ಎದೆಗೆ ಸೂಜಿ ಚುಚ್ಚಿ ಗಾಳಿ ತೆಗೀಬೇಕು!”

ಸೂಜಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ, ನಾನು ಹಿಡಿದಿದ್ದ ಗಾಳಿಯನ್ನೆಲ್ಲ ಒಟ್ಟಿಗೇ ಬಿಟ್ಟೆ. ಹೊಟ್ಟೆ ತನ್ನ ಸ್ವಸ್ಥಾನಕ್ಕೆ ಮರಳಿತು. ತೆರೆಯ ಮೇಲೆ ಬಿಳಿ ಗೆರೆ ಲಕಲಕನೆ ಜಾರತೊಡಗಿತು. ಹುಡುಗ ಕೂಗಿದ: “ಸರಿಹೋಯ್ತು!”

ಮೇಡಂ ನಗಲಿಲ್ಲ. ಆ ಸಂಯಮಕ್ಕೇ ಅವರಿಗೆ ಪದವಿ ಕೊಡಬೇಕು. “ತೆರೆ ನೋಡೋಕೆ ಮುಂಚೆ ರೋಗಿ ಉಸಿರಾಡ್ತಿದಾನಾ ನೋಡಬಾರದಾ?” ಎಂದಷ್ಟೇ ಕೇಳಿದರು. ಜಾರುವಿಕೆ ಇಲ್ಲದಿದ್ದಾಗಲೂ ಆ ಗೆರೆ ಎದೆಬಡಿತಕ್ಕೆ ತಕ್ಕ ಹಾಗೆ ಸಣ್ಣಗೆ ಅದುರುತ್ತಿದ್ದರೆ ಶ್ವಾಸಕೋಶ ಅಲ್ಲೇ ಅಂಟಿಕೊಂಡಿದೆ ಎಂದರ್ಥವಂತೆ. ಸೂಜಿಯ ಮಾತಿನ ಮುಂಚೆ ಅದುರುತ್ತಿತ್ತೋ ಇಲ್ಲವೋ, ಆಮೇಲಂತೂ ನನ್ನ ಇಡೀ ಮಂಚ ಅದುರುತ್ತಿತ್ತು.

ಈಗ ಮೊದಲನೆಯ ಸೋರಿಕೆ. ನಾಲ್ಕನೆಯ ಅಭ್ಯರ್ಥಿ ಹೊಕ್ಕುಳ ಕೆಳಗೆ ಪ್ರೋಬ್ ಒತ್ತಿದ. ಉದ್ದ, ಅಗಲ, ಎತ್ತರ ಅಳೆದು ಗುಣಿಸಿ ಅದನ್ನು 0.52ರಿಂದ ಮತ್ತೆ ಗುಣಿಸಿದರೆ ಮೂತ್ರಕೋಶದಲ್ಲಿ ಎಷ್ಟಿದೆ ಎಂದು ಸಿಗುತ್ತದೆ. ಅವನು ನಿಧಾನಸ್ಥ. ಅಳೆದ, ಅಳಿಸಿದ, ಮತ್ತೆ ಒತ್ತಿದ. ಪ್ರತಿ ಒತ್ತಿಗೂ ನನಗೆ ಟ್ರಾಮಿನ ಹಳಿ ನೆನಪಾಯಿತು. ಲೆಕ್ಕ ಬಾಯಲ್ಲೇ ಮಾಡುತ್ತಿದ್ದ. ಬ್ಯಾಂಕಿನವನಾದ ನಾನು ಉತ್ತರ ಹೇಳಿ ಮುಗಿಸೋಣವೆಂದುಕೊಂಡೆ, ನಿಯಮ ಅಡ್ಡ ಬಂತು. ಗಂಟೆ ಹೊಡೆದದ್ದೇ ಜೆಲ್ ಒರೆಸದೆ, ಅಂಗಿ ಹಾಕದೆ ಓಡಿದೆ. ಕಾರಿಡಾರಿನ ಜನ ದಾರಿ ಬಿಟ್ಟರು.

ವಾಪಸು ಬಂದಾಗ ಲೋಕವೆಲ್ಲ ಸುಂದರವಾಗಿ ಕಂಡಿತು, ಮೇಡಂ ಒಬ್ಬರನ್ನು ಬಿಟ್ಟು. “ಮೊದಲ ನಾಲ್ಕು ಜನಕ್ಕೆ ತುಂಬಿದ ಮೂತ್ರಕೋಶ, ಉಳಿದವರಿಗೆ ಖಾಲಿ. ಎಲ್ಲರಿಗೂ ಒಂದೇ ಪ್ರಶ್ನೆ ಅನ್ನೋದೇ ಈ ಪರೀಕ್ಷೆಯ ಜೀವ, ದಾದಾ.” ಬಾಟಲಿಗಟ್ಟಲೆ ನೀರು ಕುಡಿಸಿ ಕೂರಿಸಿದರು. ಕಿಡ್ನಿಗಳಿಗೆ ಸರ್ಕಾರಿ ಕಚೇರಿಯ ವೇಗ. ಪ್ರಶ್ನೆಪತ್ರಿಕೆ ಮರುಮುದ್ರಣವಾಗುವವರೆಗೆ ಅಭ್ಯರ್ಥಿಗಳು ಕಾರಿಡಾರಿನಲ್ಲಿ ಚಹಾ ಕುಡಿಯುತ್ತ ನನ್ನನ್ನು ಗಾಜಿನ ಕಿಟಕಿಯಿಂದ ನೋಡುತ್ತಿದ್ದರು.

ಎರಡನೆಯ ಸೋರಿಕೆ ಕರುಣೆಯಿಂದಾದದ್ದು. ಮುಂದಿನವನ ಕೈ ನಡುಗುತ್ತಿತ್ತು. ನನ್ನ ಮಗನ ವಯಸ್ಸು. ಲಿವರ್ ಮತ್ತು ಬಲಗಿಡ್ನಿಯ ನಡುವಿನ ಸಂದನ್ನು ತೋರಿಸಬೇಕಿತ್ತು. ಮಲಗಿದವನ ಹೊಟ್ಟೆಯಲ್ಲಿ ರಕ್ತ ಸೋರಿದರೆ ಬಂದು ನಿಲ್ಲುವ ಮುಖ್ಯ ಜಾಗ ಅದು, ಮಾರಿಸನ್ ಚೀಲ ಎನ್ನುತ್ತಾರೆ. ಅಷ್ಟು ಜನ ಅದನ್ನು ಹುಡುಕಿದ್ದನ್ನು ಮಲಗಿ ನೋಡಿದ್ದ ನನಗೆ ಆ ಜಾಗ ನಮ್ಮ ಗಲ್ಲಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಕೇಳುವ ಮೊದಲೇ ಉಸಿರೆಳೆದು ಲಿವರನ್ನು ಕೆಳಗೆ ತಳ್ಳಿಕೊಟ್ಟೆ. ಕೈ ತಲೆಯ ಹಿಂದೆ ಎತ್ತಿ ಪಕ್ಕೆಲುಬು ಬಿಡಿಸಿಕೊಟ್ಟೆ. ಆದರೂ ಸಿಗಲಿಲ್ಲ. ಕೊನೆಗೆ ಮೇಡಂ ಕೆಮ್ಮಿದ ಹೊತ್ತು ನೋಡಿ ಪಿಸುಗುಟ್ಟಿದೆ: “ಇನ್ನೂ ಹಿಂದಕ್ಕೆ, ಮಂಚ ತಾಕೋವಷ್ಟು. ಪ್ರೋಬಿನ ಚುಕ್ಕೆ ನನ್ನ ತಲೆ ಕಡೆಗಿರಲಿ.” ಚಿತ್ರ ಪಳಕ್ಕನೆ ಬಂತು. ಅವನ ಕಣ್ಣಲ್ಲಿ ನೀರಾಡಿತು. ನಾನು ಧನ್ಯನಾದೆ.

ಒಬ್ಬನಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾಡದಿದ್ದರೆ ಅನ್ಯಾಯವಲ್ಲವೇ? ಎಲ್ಲರಿಗೂ ಮಾಡಿದೆ. ನನ್ನ ಮಂಚದಲ್ಲಿ ಅಂಕಗಳು ಏರತೊಡಗಿದವು. ಮೇಡಂ ಹಾಳೆಗಳನ್ನು ಮುಂದೆ ಹಿಂದೆ ಮಗುಚಿ ನೋಡಿದರು. ಆಮೇಲೆ ಕೆಮ್ಮುವಂತೆ ನಟಿಸಿ, ಓರೆಗಣ್ಣಿನಲ್ಲಿ ನೋಡಿದರು. ನಾನು “ಚುಕ್ಕೆ...” ಎನ್ನುತ್ತಿದ್ದೆ.

ಸಿಕ್ಕಿಬಿದ್ದ ಮೇಲಾದರೂ ಬಾಯಿ ಮುಚ್ಚಬೇಕಿತ್ತು. “ಇದರಲ್ಲಿ ಅಂಥಾದ್ದೇನಿದೆ ಮೇಡಂ, ಒಂದು ಬೆಳಿಗ್ಗೇಲಿ ನನಗೇ ಬಂದುಬಿಡ್ತು” ಎಂದೆ. 

“ಹೌದಾ? ಬನ್ನಿ” ಎಂದು ಪ್ರೋಬನ್ನು ನನ್ನ ಕೈಗಿತ್ತರು. ಮುಂದೆ ಅಭ್ಯಾಸಕ್ಕೆ ಇಟ್ಟಿದ್ದ ರಬ್ಬರಿನ ದೇಹ. ಸುತ್ತ ಪಿಜಿಗಳ ಗುಂಪು. ನಾನು ಅಂಗೈ ಉಜ್ಜಿಕೊಂಡು, ಚುಕ್ಕೆಯನ್ನು ತಲೆಯ ಕಡೆಗಿಟ್ಟು, ಮಂಚ ತಾಕುವಷ್ಟು ಹಿಂದಕ್ಕೆ ಹಿಡಿದೆ. ತೆರೆ ಕಪ್ಪು. ತಿರುಗಿಸಿದೆ. ಕಪ್ಪು. ಒತ್ತಿದೆ, ಎತ್ತಿದೆ, ಬಡಿದೆ, ಕೊನೆಗೆ ಯಂತ್ರ ಕೆಟ್ಟಿದೆಯೆಂದು ಘೋಷಿಸಿದೆ. ಮೂರನೆಯ ಅಭ್ಯರ್ಥಿ, ನನಗೆ ಸೂಜಿ ಚುಚ್ಚಹೊರಟಿದ್ದವನು, ವಿನಯದಿಂದ ಮುಂದೆ ಬಂದು ಹೇಳಿದ: “ಕಾಕು, ಜೆಲ್ ಹಾಕಿಲ್ಲ.”

ಮೇಡಂ ಆಗ ನಕ್ಕರು. ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ಒಂದು ಪಿರಮಿಡ್ ಬರೆದಿಟ್ಟಿದ್ದಾರಂತೆ: ತಳದಲ್ಲಿ ಗೊತ್ತಿರುವುದು, ಅದರ ಮೇಲೆ ಹೇಗೆಂದು ಗೊತ್ತಿರುವುದು, ಅದರ ಮೇಲೆ ಮಾಡಿ ತೋರಿಸುವುದು, ತುದಿಯಲ್ಲಿ ದಿನನಿತ್ಯದ ಕೆಲಸದಲ್ಲಿ ನಿಜಕ್ಕೂ ಮಾಡುವುದು. ನಾನು ಎಲ್ಲಿದ್ದೇನೆಂದು ಕೇಳಿದೆ. ಪಿರಮಿಡ್ಡಿನ ಹೊರಗೆ, ಟಿಕೆಟ್ ಸಾಲಿನಲ್ಲಿ ಎಂದರು. ನನ್ನ ಮಂಚಕ್ಕೆ ಆ ರಬ್ಬರಿನ ದೇಹವನ್ನೇ ಮಲಗಿಸಿದರು. ಅದು ಪೇಡಾ ತಿನ್ನುವುದಿಲ್ಲ, ಉಸಿರು ಹಿಡಿಯುವುದಿಲ್ಲ, ಹೊರಗೆ ಓಡುವುದಿಲ್ಲ, ಯಾರ ಮೇಲೂ ಕರುಣೆ ತೋರಿಸುವುದಿಲ್ಲ.

ಫಲಿತಾಂಶ ಡಾಕ್ಟರು ರಾತ್ರಿ ಮೆಟ್ಟಿಲ ಮೇಲೆ ಹೇಳಿದರು. ನನ್ನ ಮೆಚ್ಚಿನ ಗಟ್ಟಿ ಧ್ವನಿಯ ಹುಡುಗ ಫೇಲು. ಕರುಳನ್ನು ಪಿತ್ತಕೋಶವೆಂದು ಅಳತೆ ಸಮೇತ ಬರೆದಿದ್ದ. ನಿಜವಾದ ರೋಗಿಯಾಗಿದ್ದರೆ ಕಲ್ಲಿದ್ದವನನ್ನೂ ಕಲ್ಲಿಲ್ಲವೆಂದು ಮನೆಗೆ ಕಳಿಸುತ್ತಿದ್ದ. ಸಣ್ಣ ಧ್ವನಿಯ ಹುಡುಗಿಗೆ ಎಲ್ಲರಿಗಿಂತ ಹೆಚ್ಚು ಅಂಕ. “ಕಂಡಿದ್ದನ್ನ ಹೇಳೋದು ಬೇಗ ಕಲೀತಾರೆ ದಾದಾ. ಕಾಣದೇ ಇದ್ದಾಗ ಕಾಣ್ತಿಲ್ಲ ಅನ್ನೋದಕ್ಕೆ ವರ್ಷಗಟ್ಟಲೆ ಬೇಕು. ರಾತ್ರಿ ಎರಡು ಗಂಟೆಗೆ ನಾನಿಲ್ಲದಾಗ ಅವಳೊಬ್ಬಳ ಕೈಗೆ ಯಂತ್ರ ಕೊಡ್ತೀನಿ.” ನಾನು ಪಿಸುಗುಟ್ಟಿ ಪಾಸು ಮಾಡಿಸಿದವರಿಗೆಲ್ಲ ಮರುಪರೀಕ್ಷೆ. ಕೈ ನಡುಗುವ ಹುಡುಗ ರಬ್ಬರಿನ ದೇಹದ ಮೇಲೆ ತಾನಾಗಿ ಪಾಸಾದನಂತೆ. ನನ್ನ ಪಿಸುಮಾತು ಅವನಿಗೆ ಬೇಕೇ ಇರಲಿಲ್ಲ, ಗಾಬರಿ ಇಳಿಯಲು ಒಂದಿಷ್ಟು ಹೊತ್ತು ಬೇಕಿತ್ತು, ಅಷ್ಟೇ.

“ಇನ್ನೊಂದು ವಿಷಯ” ಎಂದರು ಡಾಕ್ಟರು. ಅವರ ಮುಖ ನೋಡಿ ನನ್ನ ಹೆಂಡತಿ ಬಾಗಿಲಿಗೆ ಬಂದಳು. “ಎಲ್ಲಾ ಅಭ್ಯರ್ಥಿಗಳೂ ಒಂದು ಪ್ರಶ್ನೆಗೆ ಮಾತ್ರ ತಪ್ಪಿಲ್ಲದೆ ಉತ್ತರ ಬರೆದಿದಾರೆ. ಆ ಪ್ರಶ್ನೆ ನಾವು ಕೇಳಿರಲಿಲ್ಲ. ಲಿವರ್ ಪಕ್ಕದ ಕಿಡ್ನಿಗಿಂತ ತುಂಬಾ ಬೆಳ್ಳಗಿದೆ. ಫ್ಯಾಟಿ ಲಿವರ್. ಫೇಲಾದ ಹುಡುಗನೂ ಅದನ್ನ ಸರಿಯಾಗಿ ಹಿಡಿದಿದಾನೆ.”

“ಆರೋಗ್ಯವಂತರು” ಎಂದಳು ಹೆಂಡತಿ.

ಅಂದಿನಿಂದ ನಮ್ಮ ಮನೆಯಲ್ಲಿ ಮಾಶಿಮಾ ಕೊಡುವ ಪ್ರಸಾದ ನನ್ನ ಹಣೆಗೆ ಮುಟ್ಟಿ ಹೆಂಡತಿಯ ಬಾಯಿಗೆ ಹೋಗುತ್ತದೆ. ವಾಕಿಂಗು ಮೈಸೂರು ಗಾರ್ಡನ್ ದಾಟಿ ಇನ್ನೂ ಒಂದು ಸುತ್ತು ಹೆಚ್ಚಾಗಿದೆ. ಅಂದ ಹಾಗೆ, ಕಾಳಿಘಾಟ್, ಲೇಕ್ ಮಾರ್ಕೆಟ್, ಭವಾನೀಪುರದ ಸುತ್ತಮುತ್ತ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ: ಮುಂದಿನ ಪರೀಕ್ಷೆಗೆ ಮಲಗುವವರು ಬೇಕಾಗಿದ್ದಾರೆ, ನನ್ನ ಜಾಗ ಖಾಲಿಯಿದೆ. ಮಾತು ಕಡಿಮೆ ಆಡುವವರಿಗೆ ಆದ್ಯತೆ.